ಜೀಪ್ ಶೆಡ್ಡಿಗೆ ಕಿಟಕಿ ಯಾಕೆ?

ಯಾರಾದರೂ ಬಂದು "ಮೇಡಂ, ಗಾಡಿ ಶೆಡ್ಡಿಗೆ ಒಂದು ಕಿಟಕಿ ಇಡಿಸಿಕೊಡಿ" ಅಂದರೆ ನನಗೆ ಇವತ್ತಿಗೂ ಕಿವಿ ನೆಟ್ಟಗಾಗುತ್ತದೆ. ಮನೆಗೆ ಕಿಟಕಿ ಬೇಕು, ಸರಿ. ಶಾಲೆಗೆ ಬೇಕು, ಒಪ್ಪೋಣ. ದನದ ಕೊಟ್ಟಿಗೆಗೂ ಬೇಕು, ದನ ಉಸಿರಾಡುತ್ತದೆ. ಜೀಪಿಗೆ ಯಾಕೆ ಕಿಟಕಿ? ಅದೇನು ಹೊರಗೆ ನೋಡುತ್ತಾ ಕೂರುತ್ತದೆಯೇ? ನೋಡುವವರು ಬೇರೆ ಯಾರೋ ಇರುತ್ತಾರೆ. ಅವರು ಯಾರು, ಏನನ್ನು ನೋಡಬೇಕು ಅಂತಿದ್ದಾರೆ ಅನ್ನುವುದು ತಿಳಿಯುವವರೆಗೆ ನಾನು ಬ್ಯಾಗಿನಿಂದ ಟೇಪು ಹೊರಗೆ ತೆಗೆಯುತ್ತಿರಲಿಲ್ಲ.

ನಮ್ಮ ಯಜಮಾನರು ಇದನ್ನು ಅನುಮಾನದ ಕಾಯಿಲೆ ಅನ್ನುತ್ತಾರೆ. "ದೇವರು ನಿನಗೆ ಕಣ್ಣು ಕೊಡುವಾಗ ಒಂದು ಜೊತೆ ಜಾಸ್ತಿ ಕೊಟ್ಟುಬಿಟ್ಟ ಕಣೇ" ಅಂತ ಹಂಗಿಸುತ್ತಾರೆ. ಹಂಗಿಸಲಿ. ಕೊಳ್ಳೇಗಾಲದಲ್ಲಿ ಜೂನಿಯರ್ ಇಂಜಿನಿಯರ್ ಆಗಿ ಸೇರಿದವಳು ಹನೂರು, ಯಳಂದೂರು ಅಂತ ಇಲ್ಲಿಲ್ಲೇ ಸುತ್ತಿ ನಿವೃತ್ತಳಾದೆ. ಈ ನೌಕರಿಯಲ್ಲಿ ಎಲ್ಲರನ್ನೂ ನಂಬಿದವರ ಗತಿ ಏನಾಯಿತು ಅನ್ನುವುದನ್ನೂ ಕಂಡಿದ್ದೇನೆ. ಈಗ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ನನ್ನ ಹತ್ತಿರ ಬಂದು ಬೀಮು, ಕಾಲಮ್ಮು, ಕಾಂಕ್ರೀಟು ಅಂತ ಕೇಳುತ್ತಾರೆ. ಅದೆಲ್ಲ ನಿಮ್ಮ ಕಂಪ್ಯೂಟರಿನಲ್ಲೇ ಇದೆಯಲ್ಲ ತಾಯಿ, ನನ್ನನ್ನು ಯಾಕೆ ಕೇಳುತ್ತೀರಿ? ನಾನು ಕಿಟಕಿಯ ವಿಷಯ ಹೇಳುತ್ತೇನೆ, ಕೂತು ಕೇಳಿ.

ಮೊದಲ ಪೆಟ್ಟು ಬಿದ್ದದ್ದು ಕೊಳ್ಳೇಗಾಲದಲ್ಲೇ. ಆಗಿನ್ನೂ ಹೊಸಬಳು. ನಮ್ಮ ಬೀದಿಯ ರೇಷ್ಮೆ ಸೀರೆ ವ್ಯಾಪಾರಿಯೊಬ್ಬರು ಕಾರು ಕೊಂಡು ಶೆಡ್ಡು ಕಟ್ಟಿಸುತ್ತಿದ್ದರು. ಗುರುತಿನವರು. "ಹಿಂದಿನ ಗೋಡೆಗೆ ಒಂದು ಕಿಟಕಿ ಇಡಬೇಕು, ಗಾಳಿಗೆ. ಎಲ್ಲಿ ಅಂತ ತೋರಿಸಮ್ಮ" ಅಂದರು. ನಾನು ದೊಡ್ಡ ಇಂಜಿನಿಯರ್ ಹಾಗೆ ಸೀಮೆಸುಣ್ಣದಿಂದ ಚೌಕ ಬರೆದು ಬಂದೆ. ಮಾರನೆಯ ಬೆಳಿಗ್ಗೆ ಹಿಂದಿನ ಮನೆಯ ಹೆಂಗಸು ಸೆರಗು ಸಿಕ್ಕಿಸಿಕೊಂಡು ನಮ್ಮ ಮನೆ ಬಾಗಿಲಿಗೆ ಬಂದಳು. "ಅಲ್ಲ ಕಣಮ್ಮಿ, ನಮ್ ಬಚ್ಚಲ್ಗೆ ನೇರಕ್ಕೆ ಕಿಟ್ಕಿ ಗುರ್ತಾಕ್ಬುಟ್ಟು ಬಂದಿದ್ದೀಯಲ್ಲ, ಓದಿರೋಳ್ಗೆ ಅಷ್ಟೂ ತಿಳ್ಯಾಕಿಲ್ವಾ?" ಬೀದಿಯೆಲ್ಲ ಕೇಳಿಸಿಕೊಂಡಿತು. ಗಾಳಿಯಂತೆ ಗಾಳಿ! ಅಂದಿನಿಂದ ಒಂದು ಪದ್ಧತಿ ಮಾಡಿಕೊಂಡೆ. ಕಿಟಕಿಗೆ ಗುರುತು ಹಾಕುವ ಮೊದಲು ಗೋಡೆಯ ಆಚೆ ಬದಿಗೆ ಹೋಗಿ ನಿಂತು ನೋಡುವುದು. ನೀವೂ ಮಾಡಿ. ಬಿಸಿಲಿರಲಿ, ಮುಳ್ಳಿರಲಿ, ಹೋಗಿ ನಿಂತು ನೋಡಿ.

ನಮ್ಮ ಬಯಲಿನಲ್ಲಿ, ಮುಳ್ಳೂರಿನ ಕಡೆಯಾಗಲಿ ಮಾಂಬಳ್ಳಿಯ ಕಡೆಯಾಗಲಿ, ಗಾಡಿ ಶೆಡ್ಡು ಅಂದರೆ ನಾಲ್ಕು ಕಂಬ, ಮೇಲೊಂದು ಶೀಟು. ಗೋಡೆಯೇ ಇಲ್ಲದ ಮೇಲೆ ಕಿಟಕಿಯ ಪಂಚಾಯ್ತಿ ಎಲ್ಲಿಂದ ಬರಬೇಕು? ಬೆಟ್ಟ ಹತ್ತಿದರೆ ಕಥೆ ಬೇರೆ. ಮಾಗಿಯಲ್ಲಿ ಕಣಿವೆಯಿಂದ ಮಂಜು ಎದ್ದು ಬಂದು ಶೆಡ್ಡಿನೊಳಗೇ ಬಿಡಾರ ಹೂಡುತ್ತದೆ. ಬೆಳಿಗ್ಗೆ ಹೋಗಿ ಮುಟ್ಟಿದರೆ ಸೀಟು ಒದ್ದೆ, ಸ್ಟೇರಿಂಗು ಒದ್ದೆ, ಬ್ಯಾಟರಿಗೆ ಜೀವವೇ ಇಲ್ಲ. ಡೀಸೆಲ್ ಗಾಡಿ ಕೆಮ್ಮುತ್ತದೆಯೇ ಹೊರತು ಏಳುವುದಿಲ್ಲ. ಹಾಗಾಗಿ ಗೋಡೆ ಬೇಕು. ಗೋಡೆ ಕಟ್ಟಿ ಬಾಗಿಲು ಹಾಕಿದಿರೋ, ಹಸಿಯೆಲ್ಲ ಒಳಗೇ ಉಳಿದು ತುಕ್ಕು ಹಿಡಿಯುತ್ತದೆ, ಇಂಜಿನ್ನಿನ ಹೊಗೆ ಒಳಗೇ ಸುತ್ತುತ್ತದೆ. ಆಗ ಕಿಟಕಿ ಬೇಕು. ಕಿಟಕಿ ಇಟ್ಟಿರೋ, ಚಳಿ ಒಳಕ್ಕೆ. ಬೆಟ್ಟದ ಶೆಡ್ಡು ಅಂದರೆ ಇದೇ ಜಗ್ಗಾಟ.

ಈ ಜಗ್ಗಾಟ ನಮ್ಮ ಸಾಹೇಬರಿಗೆ ಕೊನೆಯವರೆಗೂ ಅರ್ಥವಾಗಲಿಲ್ಲ. ಒಳ್ಳೆಯ ಮನುಷ್ಯ, ಯಾರ ಹತ್ತಿರವೂ ಕೈ ಚಾಚಿದವರಲ್ಲ. ಆದರೆ ಅವರ ಬೀರುವಿನಲ್ಲಿ ಇದ್ದದ್ದು ಒಂದೇ ಡ್ರಾಯಿಂಗು. ಕೊಳ್ಳೇಗಾಲದ ಗೋಡೌನಿಗೂ ಅದೇ, ಬೆಟ್ಟದ ಶೆಡ್ಡಿಗೂ ಅದೇ. ನಾಲ್ಕೂ ಗೋಡೆಗೆ ನಟ್ಟ ನಡುವೆ ಒಂದೊಂದು ಕಿಟಕಿ. "ಸಾರ್, ಪಡುವಣ ಗೋಡೆಗೆ ಕಿಟಕಿ ಇಟ್ಟರೆ ಮಂಜೆಲ್ಲ ಒಳಗೆ ಬರುತ್ತೆ" ಅಂದರೆ "ಬರಲಿ ಬಿಡಮ್ಮ, ಮಂಜು ತಾನೇ, ಆನೆ ಅಲ್ವಲ್ಲ" ಅನ್ನುತ್ತಿದ್ದರು. ಆಮೇಲೆ ಕನ್ನಡಕ ಒರೆಸಿಕೊಳ್ಳುತ್ತಾ ಮೆಲ್ಲಗೆ "ಬದಲಾಯಿಸೋದಾದರೆ ನನಗೆ ಗೊತ್ತಾಗದ ಹಾಗೆ ಬದಲಾಯಿಸು" ಅಂತಲೂ ಸೇರಿಸುತ್ತಿದ್ದರು. ನನಗೆ ಅಷ್ಟು ಸಾಕಿತ್ತು.

ಕಿಟಕಿಯ ಸಾಮಾನೂ ನನ್ನ ಕಣ್ಣೆದುರೇ ಬದಲಾಯಿತು. ಸೇರಿದಾಗ ಮರ. ತೇಗ ಅಂತ ಹೇಳಿ ಯಾವುದೋ ಮೆತ್ತನೆ ಮರಕ್ಕೆ ಬಣ್ಣ ಬಳಿದು ತರುವ ಗುತ್ತಿಗೆದಾರರಿದ್ದರು. ನಾನು ಬೀಗದ ಕೈಯಿಂದ ಚೌಕಟ್ಟಿನ ಬುಡ ಕೆರೆದು ನೋಡುತ್ತಿದ್ದೆ. ಬುಡವೇ ಯಾಕೆಂದರೆ, ಮೋಸ ಮಾಡುವವನು ಕಣ್ಣಿನ ಮಟ್ಟದಲ್ಲಿ ಚೆನ್ನಾಗಿಯೇ ಬಳಿದಿರುತ್ತಾನೆ. ಆಮೇಲೆ ಕಬ್ಬಿಣ ಬಂತು, ಬೆಟ್ಟದ ಹಸಿಗೆ ಬೇಗ ತುಕ್ಕು ಹಿಡಿಯಿತು. ಆಮೇಲೆ ಎಳೆಯುವ ಅಲ್ಯೂಮಿನಿಯಂ ಕಿಟಕಿ. ನೋಡಲು ಚೆಂದ, ಆದರೆ ಚಳಿಗಾಲದ ಬೆಳಿಗ್ಗೆ ಚೌಕಟ್ಟೇ ಬೆವರಿ ಗೋಡೆಗೆ ನೀರು ಸುರಿಸುತ್ತದೆ. ಈಗ ಪ್ಲಾಸ್ಟಿಕ್ಕಿನದು ಬಂದಿದೆ, ಬಹಳ ಒಳ್ಳೆಯದು ಅನ್ನುತ್ತಾರೆ. ನನಗೆ ಅದರ ಮೇಲೂ ಅನುಮಾನ. ಇನ್ನೊಂದಷ್ಟು ಮಳೆಗಾಲ ಕಳೆಯಲಿ, ಆಮೇಲೆ ಹೇಳುತ್ತೇನೆ.

ಇಷ್ಟು ಪೀಠಿಕೆ ಹಾಕಿದ್ದು ಒಂದು ಶೆಡ್ಡಿಗಾಗಿ. ಹನೂರಿನಿಂದಾಚೆ, ತಮಿಳುನಾಡಿನ ಗಡಿ ಹತ್ತಿರ ಒಂದು ಬೆಟ್ಟದ ಊರು. ಹೆಸರು ಬರೆಯುವುದಿಲ್ಲ. ಆಗ ಅಲ್ಲಿಗೆ ಬಸ್ಸಿರಲಿಲ್ಲ. ಊರಿನವರೇ ಸಮಿತಿ ಮಾಡಿಕೊಂಡು ಒಂದು ಹಳೆಯ ಜೀಪು ಓಡಿಸುತ್ತಿದ್ದರು. ಹೈಸ್ಕೂಲಿನ ಮಕ್ಕಳು, ಆಸ್ಪತ್ರೆಗೆ ಹೋಗುವ ಬಸುರಿಯರು, ರೇಷನ್ ಮೂಟೆ, ಎಲ್ಲ ಅದರಲ್ಲೇ. ಆ ಜೀಪು ಮಂಜಿನಲ್ಲಿ ನಿಂತು ನಿಂತು ಹಾಳಾಗುತ್ತಿತ್ತು. ಶೆಡ್ಡು ಮಂಜೂರಾಗಿ ಕೆಲಸ ನನ್ನ ಪಾಲಿಗೆ ಬಂತು.

ಡ್ರೈವರ್ ಜಡೆಯ ಸೋಲಿಗರವನು. ಊರಿನ ಪಕ್ಕದ ಕಾಡಂಚಿನಲ್ಲಿ ಅವರ ಪೋಡು, ಅಂದರೆ ಗುಡಿಸಲುಗಳ ಹಾಡಿ. ಆ ಪೋಡಿನಲ್ಲಿ ಲೈಸೆನ್ಸ್ ಮಾಡಿಸಿದ ಮೊದಲಿಗ ಅವನೇ. ಜೀಪಿನ ಕೀಯನ್ನು ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡಿರುತ್ತಿದ್ದ. ಸ್ನಾನಕ್ಕೆ ಹೋದರೂ ತೆಗೆಯುವುದಿಲ್ಲ ಅಂತ ಹೆಂಡತಿ ಬೈಯುತ್ತಿದ್ದಳು. ಜೀಪಿನ ಉಸ್ತುವಾರಿ ಪುಟ್ಟಸ್ವಾಮಿಯವರದು. ಶಾಗ್ಯದ ಕಡೆಯಿಂದ ಬಂದು ಆ ಊರಿನಲ್ಲಿ ನೆಲೆಸಿದವರು, ಅಂಗಡಿ ಇಟ್ಟಿದ್ದರು. ಡೀಸೆಲ್ ಡ್ರಮ್ಮಿನ ಬೀಗದ ಕೈ ಅವರ ಸೊಂಟದಲ್ಲಿ. ಅವರ ಮನೆಯ ಜಗಲಿ ಶೆಡ್ಡಿನ ಜಾಗಕ್ಕೆ ಎದುರಿಗೇ ಇತ್ತು.

ಪಾಯ ತೆಗೆಯುವ ದಿನವೇ ಪುಟ್ಟಸ್ವಾಮಿ ನನ್ನನ್ನು ಪಕ್ಕಕ್ಕೆ ಕರೆದರು. "ಮೇಡಂ, ಮೂಡ್ಲ ಗ್ವಾಡೆಗೆ ಒಂದು ಕಿಟ್ಕಿ ಬೇಕು. ದೊಡ್ದಾಗಿರ್ಲಿ. ಗಾಜು ಆಕ್ಸಿ, ಒಳ್ಗಡೆ ಕಾಣೋ ಅಂತದ್ದು."

"ಯಾಕೆ ಪುಟ್ಟಸ್ವಾಮಿಯವರೇ?"

"ಬೆಳ್ಕಿಗೆ."

ನನ್ನ ಕಿವಿ ನೆಟ್ಟಗಾಯಿತು. ಅವರ ಜಗಲಿಗೆ ಹೋಗಿ ನಿಂತೆ. ಅಲ್ಲಿಂದ ನೋಡಿದರೆ ಮೂಡಣ ಗೋಡೆ ಬರುವ ಜಾಗ ಕೈಗೆ ಸಿಗುವಷ್ಟು ಹತ್ತಿರ. ಕಿಟಕಿ ಇಟ್ಟರೆ ಡ್ರೈವರ್ ಸೀಟೇ ಕಾಣುತ್ತದೆ. "ಬೆಳಕು ನಿಮಗೆ ಬೇಕೋ ಜೀಪಿಗೆ ಬೇಕೋ?" ಅಂದೆ. ಅವರು ಸುತ್ತ ನೋಡಿ ದನಿ ತಗ್ಗಿಸಿದರು. "ಡೀಸೆಲ್ಲು ಕಮ್ಮಿಯಾಯ್ತಾ ಅದೆ ಮೇಡಂ. ಗಾಡಿ ಓಡೋದಕ್ಕೂ ಅದು ಕುಡಿಯೋದಕ್ಕೂ ತಾಳೆ ಆಗಾಕಿಲ್ಲ. ಆ ಜಡೆಯನ್ ಮ್ಯಾಲೆ ನಂಗೆ ಡೌಟು. ಮುಖದ್ ಮ್ಯಾಲೆ ಅಂದ್ಬುಟ್ಟೂ ಇವ್ನಿ."

ಅದೇ ಮಧ್ಯಾಹ್ನ ಜಡೆಯ ಬಂದು ದೂರದಲ್ಲಿ ನಿಂತುಕೊಂಡ. ಕರೆದ ಮೇಲೆ ಹತ್ತಿರ ಬಂದ. ನಾನು ನಕ್ಷೆಯಲ್ಲಿ ಗೋಡೆಯ ಮೇಲ್ಭಾಗಕ್ಕೆ, ಶೀಟಿನ ಕೆಳಗೆ, ಹೊಗೆ ಹೋಗಲು ಗಾಳಿಕಿಂಡಿಗಳನ್ನು ಬಿಡಿಸುತ್ತಿದ್ದೆ. ಅವನ ಕಣ್ಣು ಅದರ ಮೇಲೆ.

"ಅಮ್ಮಾವ್ರೆ, ಆ ತೂತು ಬ್ಯಾಡಿ. ಎಲ್ಲಾ ಮುಚ್ಚುಸ್ಬುಡಿ. ಚಳಿ ಬತ್ತದೆ, ಗಾಡಿ ಏಳಾಕಿಲ್ಲ."

"ಪುಟ್ಟಸ್ವಾಮಿಯವರು ಕಿಟಕಿ ಇಡಿಸಿ ಅಂತಾರಲ್ಲಪ್ಪ?"

"ಇಟ್ಕಳ್ಲಿ ಬುಡಿ, ಅದು ಗಾಜು, ಚಳಿ ತಡೀತದೆ. ತೂತು ಮಾತ್ರ ಬ್ಯಾಡಿ."

ಒಬ್ಬನಿಗೆ ಎಲ್ಲ ಕಾಣಬೇಕು, ಇನ್ನೊಬ್ಬನಿಗೆ ಎಲ್ಲ ಮುಚ್ಚಬೇಕು. ನನಗೆ ಇಬ್ಬರ ಮೇಲೂ ಅನುಮಾನ ಬಂತು. ಡ್ರಮ್ಮಿನ ಬೀಗ ಇರುವವರೇ ಕದ್ದು ಡ್ರೈವರನ ತಲೆಗೆ ಕಟ್ಟುತ್ತಿರಬಹುದು. ಇಲ್ಲವೇ ಈ ಜಡೆಯನೇ ಒಳಗೆ ಏನೋ ನಡೆಸುವ ಯೋಚನೆಯಲ್ಲಿರಬಹುದು. ಗಾಳಿಕಿಂಡಿಯನ್ನು ಯಾರಾದರೂ ಬೇಡ ಅನ್ನುತ್ತಾರೆಯೇ? ಇಬ್ಬರ ಮಾತನ್ನೂ ಅರ್ಧರ್ಧ ಕೇಳಿದೆ. ಮೂಡಣಕ್ಕೆ ಗಾಜಿನ ಕಿಟಕಿ ಇಟ್ಟೆ, ಮೇಲಿನ ಗಾಳಿಕಿಂಡಿಗಳನ್ನೂ ಮುಚ್ಚದೆ ಉಳಿಸಿದೆ. ಪಡುವಣಕ್ಕೆ, ಮಂಜು ಬರುವ ದಿಕ್ಕಿಗೆ, ಏನೂ ಇಡಲಿಲ್ಲ.

ಆ ಕಿಟಕಿ ನನ್ನ ಕೈಯಿಂದಾದ ಒಳ್ಳೆಯ ಕೆಲಸಗಳಲ್ಲಿ ಒಂದು. ಜಂಬ ಅಂದರೆ ಜಂಬ ಅನ್ನಿ. ಬೆಟ್ಟದಲ್ಲಿ ಒಂಟಿ ಗಾಜು ಹಾಕಿದರೆ ಬಿಸಿ ಗಾಡಿ ಒಳಗೆ ಬಂದ ತಕ್ಷಣ ಮಂಜು ಕಟ್ಟಿ ಕುರುಡಾಗುತ್ತದೆ. ನಾನು ಕೊಳ್ಳೇಗಾಲದ ಬಡಗಿಯ ಹತ್ತಿರ ಮರದ ಚೌಕಟ್ಟಿಗೆ ಗಾಜು ಕೂರುವಂತೆ ಎರಡು ತೋಡು ಕೊರೆಸಿ, ಬೆರಳಷ್ಟು ಸಂದು ಬಿಟ್ಟು ಜೋಡಿ ಗಾಜು ಕೂರಿಸಿದೆ. ಸಂದಿನ ಹಸಿ ಹೊರಗೆ ಹೋಗಲು ಹೊರ ಚೌಕಟ್ಟಿನ ಬುಡದಲ್ಲಿ ಮೊಳೆಯಷ್ಟು ತೂತು. ಮೇಲೆ ಅಗಲವಾದ ಸಜ್ಜೆ. ಗುತ್ತಿಗೆದಾರ "ಜೀಪಿಗೆ ಡಬಲ್ ಗಾಜಾ ಮೇಡಂ, ಮದ್ವೆ ಗಿದ್ವೆ ಅದಾ?" ಅಂತ ಕಿಚಾಯಿಸಿದ.

ಶೆಡ್ಡು ಒಪ್ಪಿಸುವ ದಿನ ಊರೇ ಸೇರಿತ್ತು. ಸಮಿತಿಯ ಅಧ್ಯಕ್ಷ ಮುರುಗೇಶಣ್ಣ, ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ಕೋಪ ಬಂದರೆ ಎರಡೂ. ಅವರಿಗೂ ಜೋಡಿ ಗಾಜಿನ ಮೇಲೆ ಅನುಮಾನ. ನಾನು ಹೊರಗಿನ ಒಲೆಯಲ್ಲಿ ಹಂಡೆ ನೀರು ಕುದಿಸಿ ತರಿಸಿ ಶೆಡ್ಡಿನ ನಡುವೆ ಇಡಿಸಿದೆ. ಪಕ್ಕದಲ್ಲಿ ಒಂದು ಒಂಟಿ ಗಾಜು ಒರಗಿಸಿ ಬಾಗಿಲು ಹಾಕಿದೆ. ತೆಗೆದಾಗ ಒಂಟಿ ಗಾಜಿನ ಮೇಲೆ ನೀರಿಳಿಯುತ್ತಿತ್ತು. ನನ್ನ ಕಿಟಕಿ ತಿಳಿಯಾಗಿತ್ತು. "ಮಾಗಿಯಲ್ಲೂ ಇದು ಮಂಜು ಕಟ್ಟಲ್ಲ, ಬೇಕಾದರೆ ಬರೆದುಕೊಡ್ತೀನಿ" ಅಂತ ಎಲ್ಲರೆದುರು ಎದೆ ತಟ್ಟಿ ಹೇಳಿದೆ. ಜನ ಚಪ್ಪಾಳೆ ಹೊಡೆದರು. ಆಮೇಲೆ ಮುರುಗೇಶಣ್ಣ ನಿಯಮ ಹೇಳಿದರು. "ಒಳ್ಗಡೆ ಡೀಸೆಲ್ ಡ್ರಮ್ ಇರ್ತದೆ, ಸುತ್ತಾ ಕಾಡು. ಯಾರೇ ಆಗ್ಲಿ ಈ ಶೆಡ್ಡಲ್ಲಿ ಬೆಂಕಿ ಹಚ್ಚುದ್ರೆ, ಡ್ರೈವರ್ರೇ ಆದ್ರೂ ಸರಿ, ಅವತ್ತೇ ಕೀ ಕೆಳಗಿಟ್ಟು ಓಗ್ಬೇಕು." ಜಡೆಯ ಕೊರಳಿನ ಕೀಯನ್ನು ಅಂಗಿಯೊಳಕ್ಕೆ ಸೇರಿಸಿಕೊಂಡ. ಅದನ್ನು ನಾನು ನೋಡಿದೆ, ಮನಸ್ಸಿನಲ್ಲಿಟ್ಟುಕೊಂಡೆ.

ಮಾಗಿಯ ನಡುವೆ ಮುರುಗೇಶಣ್ಣನ ಫೋನು ಬಂತು. ಜಡೆಯ ಬೆಳಿಗ್ಗೆ ಶೆಡ್ಡಿನಲ್ಲಿ ಪ್ರಜ್ಞೆ ತಪ್ಪಿ ಬಿದ್ದಿದ್ದ. ಪುಟ್ಟಸ್ವಾಮಿ ಹೊರಗೆ ಎಳೆದು ಹಾಕಿ, ಬೈಕಿನಲ್ಲಿ ಹನೂರಿಗೆ ಒಯ್ದು ಡಾಕ್ಟರಿಗೆ ತೋರಿಸಿದ್ದರು. ಬದುಕಿದ. "ಶೆಡ್ಡಲ್ಲಿ ಬೆಂಕಿ ಹಾಕ್ದ ಅಂತ ಊರಲ್ಲಿ ಮಾತು. ಗಾಡಿಗೆ ಅತ್ತೋರೆಲ್ಲಾ ಒಗೆ ವಾಸ್ನೆ ಅಂತಾವ್ರೆ. ನಾಳೆ ಮೀಟಿಂಗು. ನೀವೂ ಬಂದ್ಬುಡಿ ಅಮ್ಮಾ, ನಿಮ್ ಶೆಡ್ಡಲ್ವಾ" ಅಂದರು.

ಮಾರನೆಯ ದಿನ ನಸುಕಿನಲ್ಲೇ ಹೊರಟೆ. ಮೀಟಿಂಗಿಗೆ ಮೊದಲು ನನ್ನ ಕಣ್ಣಿನಿಂದ ನೋಡಬೇಕಿತ್ತು. ಅಂಗಳದ ತುಂಬ ಮಂಜು. ಶೆಡ್ಡಿನೊಳಗೆ ತಲೆ ಎತ್ತಿ ನೋಡಿದರೆ ನನ್ನ ಗಾಳಿಕಿಂಡಿಗಳಿಗೆಲ್ಲ ಗೋಣಿಚೀಲ ತುರುಕಿತ್ತು. ಒಂದೂ ಬಿಟ್ಟಿರಲಿಲ್ಲ. ಇಂಜಿನ್ನಿನ ಕೆಳಗೆ ನೆಲ ಗುಂಡಗೆ ಕಪ್ಪಾಗಿತ್ತು. ಮೂಲೆಯ ಟಯರಿನ ಹಿಂದೆ ಕೈ ಹಾಕಿದರೆ ಬಚ್ಚಿಟ್ಟ ಒಡೆದ ಮಡಕೆ, ಒಳಗೆ ಬೂದಿ. ಅಂದರೆ ಬೆಂಕಿ ಇದ್ದದ್ದು ನಿಜ.

ಆಮೇಲೆ ನನ್ನ ಪದ್ಧತಿಯಂತೆ ಗೋಡೆಯ ಆಚೆ ಬದಿಗೆ, ಪುಟ್ಟಸ್ವಾಮಿಯ ಜಗಲಿಗೆ ಹೋದೆ. ಅವರು ಮನೆಯಲ್ಲಿರಲಿಲ್ಲ. ಅಂಥ ಮಂಜಿನಲ್ಲೂ ನನ್ನ ಕಿಟಕಿ ತಿಳಿಯಾಗಿತ್ತು, ಡ್ರೈವರ್ ಸೀಟು, ಸ್ಟೇರಿಂಗು, ಎಲ್ಲ ಸ್ಪಷ್ಟ. ಜಗಲಿಯ ಮೂಲೆಗೆ ಗುಡಿಸಿಟ್ಟ ಒಂದು ರಾಶಿ ಗಾಜಿನ ಚೂರು ಕಂಡಿತು. ಕಾಫಿ ಲೋಟ. ಕಲ್ಲಿನ ಮೇಲೆ ಕಾಫಿ ಚೆಲ್ಲಿದ ಕಲೆ. "ಟ್ರಿಪ್ಪಿಗೆ ಕರೆಯಾಕೆ ಓದೆ, ಬಿದ್ದಿದ್ದ" ಅಂತ ಪುಟ್ಟಸ್ವಾಮಿ ಎಲ್ಲರಿಗೂ ಹೇಳಿದ್ದರಂತೆ. ಕರೆಯಲು ಹೋಗುವವನು ಲೋಟ ಕೆಳಗಿಟ್ಟು ಹೋಗುತ್ತಾನೆ. ಲೋಟ ಕೈಬಿಟ್ಟು ಓಡುವವನು ಏನನ್ನೋ ಕಂಡಿರುತ್ತಾನೆ. ಈ ಮನುಷ್ಯ ಎಲ್ಲವನ್ನೂ ನೋಡಿದ್ದಾನೆ ಅಂತ ನನಗೆ ಆಗಲೇ ಖಾತ್ರಿಯಾಯಿತು.

ಅಲ್ಲಿಂದ ಪೋಡಿಗೆ ನಡೆದೆ. ಜಡೆಯ ಕಂಬಳಿ ಹೊದ್ದು ಗುಡಿಸಲಿನಲ್ಲಿ ಕೂತಿದ್ದ. ನಡುವೆ ಒಲೆ, ಅದರಲ್ಲಿ ದಪ್ಪ ಕೊರಡು ಉರಿಯುತ್ತಿತ್ತು. ಕೊರಳಲ್ಲಿ ಕೀ ಹಾಗೇ ಇತ್ತು.

"ಕೆಂಡ ಇಟ್ಟಿದ್ದು ನೀನೇ ತಾನೆ?" ಅಂದೆ. ಸುತ್ತಿ ಬಳಸಿ ಕೇಳುವ ಅಭ್ಯಾಸ ನನಗಿಲ್ಲ.

ಅವನ ಹೆಂಡತಿ ಮುಖ ತಿರುಗಿಸಿದಳು. ಅವನು ಕೊರಡನ್ನು ಒಲೆಯೊಳಕ್ಕೆ ತಳ್ಳಿದ. "ಊ ಅಮ್ಮಾವ್ರೆ. ಬೆಳಿಗ್ಗೆ ಇಂಜಿನ್ ಕೆಳ್ಗೆ ಒಂದ್ ಮಡ್ಕೆ ಕೆಂಡ ಇಟ್ರೆ ಆಯಿಲ್ಲು ಕಾಯ್ತದೆ, ಒಂದೇ ಏಟ್ಗೆ ಏಳ್ತದೆ ಗಾಡಿ."

"ಮೊದಲು ಹೇಗೆ ಮಾಡ್ತಿದ್ದೆ?"

"ಮೊದ್ಲು ಸ್ಟಾರ್ಟ್ ಮಾಡ್ಬುಟ್ಟು ಬಿಸಿ ಆಗಾಗಂಟ ಅಂಗೇ ಬುಟ್ಟಿರ್ತಿದ್ದೆ. ಡೀಸೆಲ್ಲು ಅದ್ಕೇ ಓಯ್ತಿದ್ದದ್ದು. ಪುಟ್ಸಾಮಣ್ಣ ಕಳ್ಳ ಅಂದ್ಬುಟ್ರಲ್ಲ. ನಮ್ ಪೋಡ್ನೋರ್ ಮುಂದೆ ಅಂದ್ಬುಟ್ರು. ಡೀಸೆಲ್ ಉಳ್ಸಿ ತೋರುಸ್ಬೇಕು ಅಂತ ಇದ್ ಮಾಡ್ದೆ."

ಕಳ್ಳ ಅನ್ನಿಸಿಕೊಂಡ ಉರಿಗೆ ಈ ಮನುಷ್ಯ ಸಾಯುವುದರಲ್ಲಿದ್ದ. "ಅಲ್ಲಪ್ಪಾ, ಗಾಳಿಕಿಂಡಿ ಮುಚ್ಚಿ, ಬಾಗಿಲು ಹಾಕಿಕೊಂಡು, ಕೆಂಡದ ಪಕ್ಕ ಕೂತಿದ್ದೀಯಲ್ಲ, ಜೀವದ ಮೇಲೆ ಆಸೆ ಇಲ್ವಾ ನಿನಗೆ?"

ಅವನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. ತನ್ನ ಒಲೆಯತ್ತ ಕೈ ಚಾಚಿದ. "ನಾವು ಉಟ್ದಾಗಿಂದ ಬೆಂಕಿ ಪಕ್ದಲ್ಲೇ ಮಲಗೋದು. ನಮ್ ಗುಡ್ಲಲ್ಲಿ ಈ ಬೆಂಕಿ ಆರೋದೇ ಇಲ್ಲ. ನಮ್ ತಾತನ್ಗೂ ಏನೂ ಆಗಿಲ್ಲ, ನಮ್ಗೂ ಏನೂ ಆಗಿಲ್ಲ. ಅಲ್ಲಿ ಮಾತ್ರ ಯಾಕಮ್ಮ ಇಂಗಾಯ್ತು?"

ನಾನು ತಲೆ ಎತ್ತಿ ನೋಡಿದೆ. ಹುಲ್ಲಿನ ಚಾವಣಿಯ ತುಂಬ ಹೊಗೆ ಮೆಲ್ಲಗೆ ಹೊರಗೆ ಸೋರುತ್ತಿತ್ತು. ಬಿದಿರಿನ ತಡಿಕೆಯ ಸಂದುಗಳಲ್ಲಿ ಬೆಳಕು ಬರುತ್ತಿತ್ತು. ಆ ಗುಡಿಸಲಿಗೆ ಒಂದೂ ಕಿಟಕಿ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ, ಮೈಯೆಲ್ಲ ಉಸಿರಾಡುತ್ತಿತ್ತು. ಅವನು ಇಲ್ಲಿಯ ಬೆಂಕಿಯನ್ನು ನನ್ನ ಸಿಮೆಂಟು ಗೋಡೆಯೊಳಕ್ಕೆ ಒಯ್ದಿದ್ದ. ಇದನ್ನೆಲ್ಲ ಅವನಿಗೆ ಬಿಡಿಸಿ ಹೇಳಿದೆ. ಸಿಮೆಂಟು ಗೋಡೆ ಉಸಿರು ಬಿಡುವುದಿಲ್ಲ, ಕೆಂಡದ ವಿಷ ಗಾಳಿ ಕಣ್ಣಿಗೆ ಕಾಣುವುದಿಲ್ಲ, ಮೂಗಿಗೂ ತಿಳಿಯುವುದಿಲ್ಲ, ಜೊಂಪು ಹತ್ತಿಸಿ ಕರೆದುಕೊಂಡು ಹೋಗುತ್ತದೆ ಅಂತ. ಅವನ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡು ಅಳತೊಡಗಿದಳು.

"ಮೀಟಿಂಗಲ್ಲಿ ಕೀ ಕೊಟ್ಬುಡ್ತೀನಿ ಅಮ್ಮಾವ್ರೆ. ಪುಟ್ಸಾಮಣ್ಣ ನೋಡವ್ರೆ" ಅಂದ ಜಡೆಯ. ಕೀಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದ.

"ಅವರು ನಿನ್ನ ಹತ್ತಿರ ಏನಾದರೂ ಕೇಳಿದರಾ?"

"ಎಚ್ರ ಆದಾಗ ನಾನೇ ಅಂದೆ, ಡೀಸೆಲ್ ಉಳ್ಸಾಕೆ ಮಾಡ್ದೆ ಅಣ್ಣ ಅಂತ. ಅವ್ರು ಎದ್ದು ಆಚ್ಗೆ ಓಗ್ಬುಟ್ರು."

ಶಾಲೆಯ ಮುಂದೆ ಮೀಟಿಂಗು. ಮುರುಗೇಶಣ್ಣ ಒಂದೇ ಮಾತಿಗೆ ಬಂದರು. "ಪುಟ್ಸಾಮಿ, ನಿಮ್ ಜಗ್ಲಿ ಎದುರ್ಗೇ ಕಿಟ್ಕಿ. ದಿನಾ ಬೆಳಿಗ್ಗೆ ಕಾಫಿ ಇಡ್ಕಂಡು ಅಲ್ಲೇ ಕೂತಿರ್ತೀರಿ, ಊರ್ಗೇ ಗೊತ್ತು. ಒಳ್ಗಡೆ ಬೆಂಕಿ ಇತ್ತಾ, ಇಲ್ವಾ? ಎಲ್ಲಾರ್ ಮುಂದೂ ಏಳ್ಬುಡಿ."

ಜಡೆಯ ಆಗಲೇ ದಾರವನ್ನು ಕೊರಳಿನಿಂದ ಅರ್ಧ ತೆಗೆದಿದ್ದ. ನಾನು ಪುಟ್ಟಸ್ವಾಮಿಯ ಮುಖವನ್ನೇ ನೋಡುತ್ತಿದ್ದೆ. ಇಷ್ಟು ದಿನ ಕಾದ ಗಳಿಗೆ ಕೈಗೆ ಬಂದಿತ್ತಲ್ಲ ಅವರಿಗೆ.

ಪುಟ್ಟಸ್ವಾಮಿ ಟವಲಿನಿಂದ ಕತ್ತು ಒರೆಸಿಕೊಂಡರು. "ಗಾಜೆಲ್ಲಾ ಮಂಜು ಕಟ್ಕಂಡಿತ್ತು ಮುರುಗೇಶಣ್ಣ. ಒಳ್ಗಡೆ ಏನೂ ಕಾಣ್ನಿಲ್ಲ."

ಅಬ್ಬಾ!

"ಮಂಜಾ?" ಮುರುಗೇಶಣ್ಣ ಹುಬ್ಬು ಗಂಟಿಕ್ಕಿದರು. "ಅಂಡೆ ನೀರು ಕಾಯ್ಸಿ ನಮ್ಗೆಲ್ಲಾ ತೋರುಸ್ಲಿಲ್ವಾ ಅಮ್ಮಾವ್ರು? ಮಾಗೀಲೂ ಕಟ್ಟಾಕಿಲ್ಲ, ಬರ್ಕೊಡ್ತೀನಿ ಅಂತ ಎದೆ ತಟ್ಟುದ್ರಲ್ಲ?" ಊರಿಗೆ ಊರೇ ನನ್ನ ಕಡೆ ತಿರುಗಿತು. "ಏಳಿ ಅಮ್ಮಾ. ಆ ಗಾಜು ಮಂಜು ಕಟ್ತದಾ?"

ನೌಕರಿ ಪೂರ್ತಿ ಸುಳ್ಳು ಹಿಡಿಯುವುದೇ ನನ್ನ ಕೆಲಸವಾಗಿತ್ತು. ಬಣ್ಣದ ಕೆಳಗಿನ ಮರ, ಸಿಮೆಂಟಿನ ಕೆಳಗಿನ ಮರಳು, ಎಷ್ಟು ಕೆರೆದಿದ್ದೇನೆ ಈ ಕೈಯಿಂದ! ಇಲ್ಲಿ ಕೆರೆಯುವ ಕೆಲಸವೂ ಇರಲಿಲ್ಲ, ಒಂದು ಮಾತು ಸಾಕಿತ್ತು. "ಕಟ್ಟಲ್ಲ" ಅಂದರೆ ನನ್ನ ಮಾನ ಉಳಿಯುತ್ತದೆ, ಜಡೆಯನ ಕೀ ಹೋಗುತ್ತದೆ. ಅವನ ಬೆರಳು ದಾರದ ಮೇಲೇ ಇತ್ತು.

"ಕಟ್ಟುತ್ತೆ" ಅಂದೆ. "ಅವತ್ತು ತೋರಿಸಿದ್ದು ಬಿಸಿಲಿನಲ್ಲಿ. ಈ ಚಳಿಗೆ ತಡೆಯಲ್ಲ. ನಾನು ಇಟ್ಟ ಜಾಗವೂ ಸರಿಯಿಲ್ಲ, ಗಾಜೂ ಸರಿಯಿಲ್ಲ. ಗಾಳಿಕಿಂಡಿಯೂ ಚಿಕ್ಕದಾಯಿತು, ಅದಕ್ಕೇ ಇವನಿಗೆ ತಲೆ ಸುತ್ತಿರಬೇಕು. ತಪ್ಪು ಶೆಡ್ಡಿನದು."

"ಅಯ್ಯಯ್ಯೋ! ಇಂಜಿನಿಯರಮ್ಮನೇ ಇಂಗಂದ್ರೆ ನಾವೇನ್ ಮಾಡಾಕಾಯ್ತದೆ?" ಅಂತ ಮುರುಗೇಶಣ್ಣ ತಲೆ ಚಚ್ಚಿಕೊಂಡರು. ಹಿಂದಿನಿಂದ ಯಾರೋ "ಡಬಲ್ ಗಾಜಂತೆ, ಡಬಲ್ಲು!" ಅಂದರು, ಜನ ಗೊಳ್ಳೆಂದು ನಕ್ಕರು. ಆ ನಗುವಿನಲ್ಲೇ ಜಡೆಯ ದಾರವನ್ನು ಮತ್ತೆ ಕೊರಳಿಗೆ ಇಳಿಸಿಕೊಂಡ. ನನಗೆ ಅವಮಾನದಿಂದ ಕಿವಿ ಬಿಸಿಯಾಗಿತ್ತು. ಆದರೂ ಆ ದಾರ ಇಳಿದದ್ದನ್ನು ನೋಡಿ ಜೀವ ಹಗುರಾಯಿತು.

ಹೊರಡುವಾಗ ಪುಟ್ಟಸ್ವಾಮಿ ನನ್ನ ಗಾಡಿಯವರೆಗೂ ಬಂದರು. "ಯಾಕೆ ಸುಳ್ಳು ಹೇಳಿದಿರಿ?" ಅಂತ ಕೇಳಿಯೇಬಿಟ್ಟೆ.

"ನೀವ್ಯಾಕೇಳುದ್ರಿ ಮೇಡಂ?" ಅಂದರು.

ನಾನು ಗಾಡಿ ಹತ್ತಿದೆ. ಅವರಿಗೆ ಜಡೆಯನ ಮೇಲೆ ಮರುಕ ಹುಟ್ಟಿತೋ, ತಾವು ಅಂದ ಮಾತೇ ಅವನನ್ನು ಅಲ್ಲಿಗೆ ತಳ್ಳಿತು ಅಂತ ಹೆದರಿದರೋ, ಅಥವಾ ಕೆಂಡ ಕಂಡ ಮೇಲೂ, ಕಳ್ಳ ಸಿಕ್ಕಿದ ಅಂತ ಸ್ವಲ್ಪ ಹೊತ್ತು ಸುಮ್ಮನೆ ನೋಡುತ್ತಾ ನಿಂತಿದ್ದು ಆಮೇಲೆ ಓಡಿದರೋ? ಆ ಕೊನೆಯದು ನನಗೆ ಇವತ್ತಿಗೂ ಅನುಮಾನ. ಅನುಮಾನದ ಕಾಯಿಲೆ ಅಷ್ಟು ಸುಲಭಕ್ಕೆ ಬಿಡುವುದಿಲ್ಲ.

ಹೊಸಬರಿಗೆ ಕೆಲಸದ ಮಾತು ಇಷ್ಟು. ಆ ಗಾಳಿಕಿಂಡಿಗಳನ್ನು ಒಡೆಸಿ ಅಗಲ ಮಾಡಿ, ಗೋಣಿ ತುರುಕಿದರೂ ನಿಲ್ಲದಂತೆ ಓರೆಯಾಗಿ ಸಿಮೆಂಟು ಪಟ್ಟಿ ಕೂರಿಸಿದೆ. ಬಾಗಿಲ ಬುಡದಲ್ಲೂ ಗಾಳಿಗೆ ಜಾಗ ಬಿಟ್ಟೆ. ಶೆಡ್ಡಿನ ನೆಲವನ್ನು ಬಾಗಿಲ ಕಡೆಗೆ ಇಳಿಜಾರು ಮಾಡಿಸಿದೆ. ಬ್ರೇಕು ಬಿಟ್ಟರೆ ಜೀಪು ತಾನೇ ಹೊರಗೆ ಉರುಳಬೇಕು, ಉರುಳುತ್ತಲೇ ಗೇರಿಗೆ ಹಾಕಿದರೆ ಚಳಿಯಲ್ಲೂ ಏಳುತ್ತದೆ. ಕೆಂಡವೂ ಬೇಡ, ಸುಮ್ಮನೆ ಡೀಸೆಲ್ ಸುಡುವುದೂ ಬೇಡ. ಮೂಡಣದ ಕಿಟಕಿಯನ್ನೂ ಮುಚ್ಚಿಸೋಣ ಅಂದೆ. ಬೇಡ ಅಂದವನು ಜಡೆಯ. "ಅದಿರ್ಲಿ ಅಮ್ಮಾವ್ರೆ. ಪುಟ್ಸಾಮಣ್ಣ ಕಾಣ್ದಿದ್ರೆ ನಾನಿರ್ತಿರ್ಲಿಲ್ಲ" ಅಂದ. ಪುಟ್ಟಸ್ವಾಮಿಯ ಎದುರೇ ಅಂದ. ಅವರು ಡ್ರಮ್ಮಿನ ಬೀಗ ಸರಿಯಾಗಿದೆಯೇ ಅಂತ ನೋಡುವವರಂತೆ ಆ ಕಡೆ ತಿರುಗಿಕೊಂಡರು.

ಸುದ್ದಿ ಬೆಟ್ಟ ಇಳಿದು ನನಗಿಂತ ಮೊದಲೇ ಆಫೀಸಿಗೆ ಬಂದಿತ್ತು. ಸಾಹೇಬರು "ನನ್ನ ಡ್ರಾಯಿಂಗೇ ಇಟ್ಟಿದ್ದರೆ ಈ ಮಂಜಿನ ಗಲಾಟೆ ಇರುತ್ತಿರಲಿಲ್ಲ ನೋಡು" ಅಂದರು, ಬಹಳ ಸಂತೋಷದಿಂದ. ಅಂದಿನಿಂದ ನಿವೃತ್ತಿಯ ದಿನದವರೆಗೂ ನಾನು ಮಂಜು ಕಿಟಕಿ ಮೇಡಂ. ಬೀಳ್ಕೊಡುಗೆಯ ಭಾಷಣದಲ್ಲೂ ಅದನ್ನೇ ಹೇಳಿ ನಗಿಸಿದರು. ನಾನೂ ನಕ್ಕೆ. ಮನೆಗೆ ಬಂದು ನಮ್ಮ ಯಜಮಾನರ ಮೇಲೆ ರೇಗಿದೆ.

ಈಗ ಆ ಊರಿಗೆ ಬಸ್ಸು ಹೋಗುತ್ತದೆ. ಜೀಪು ಗುಜರಿಗೆ ಹೋಯಿತು, ಪುಟ್ಟಸ್ವಾಮಿ ತೀರಿಕೊಂಡರು. ಇದನ್ನು ಬರೆಯುವ ಮೊದಲು ಜಡೆಯನಿಗೆ ಫೋನು ಮಾಡಿದೆ. "ಬರೀರಿ ಅಮ್ಮಾವ್ರೆ, ಈಗೇನ್ ಕೀ ಕಿತ್ಕಳಾಕೆ ಬತ್ತಾರಾ? ಕಿಟ್ಕಿದೂ ಸರ್ಯಾಗಿ ಬರೀರಿ. ನಮ್ಮಿಂದ ಅದುಕ್ಕೆ ಕೆಟ್ಟೆಸ್ರು ಬಂತು" ಅಂದ. ಅದಕ್ಕೇ ಬರೆಯುತ್ತಿದ್ದೇನೆ, ನಕ್ಕವರೆಲ್ಲ ಕೇಳಿಸಿಕೊಳ್ಳಿ. ಆ ಗಾಜು ಒಂದು ದಿನವೂ ಮಂಜು ಕಟ್ಟಲಿಲ್ಲ.